ಕಾರಿನ ಬ್ರೇಕು ಕ್ಯಾಲಿಪರು: ಕಳಚುವ ಮತ್ತು ಮರಳಿ ಜೋಡಿಸುವ ಕ್ರಮ

ಯಂತ್ರಗಳ ಚರಿತ್ರೆಯನ್ನು ಅಭ್ಯಸಿಸುವವರು ಅವುಗಳ ಕಾಲವನ್ನೂ ಕರ್ತೃಗಳನ್ನೂ ಅರಿತರೆ ಸಾಲದು. ಅವುಗಳನ್ನು ಬಿಚ್ಚಿ ಮರಳಿ ಜೋಡಿಸುವ ಕ್ರಮವನ್ನೂ ಅರಿಯಬೇಕೆಂಬುದು ನಮ್ಮ ಅಭಿಪ್ರಾಯ. ಒಂದು ಭಾಗವು ಆ ಸ್ಥಾನದಲ್ಲಿಯೇ ಏಕೆ ಇದೆಯೆಂಬುದು ಅದನ್ನು ಕಳಚಿದಾಗ ವಿಶದವಾಗುತ್ತದೆ. ಇದಕ್ಕೆ ನಿದರ್ಶನವಾಗಿ ಕಾರಿನ ಮುಂಚಕ್ರದ ಬ್ರೇಕು ಕ್ಯಾಲಿಪರನ್ನು ಇಲ್ಲಿ ಪರಿಶೀಲಿಸುತ್ತೇವೆ.

ಚಕ್ರದೊಡನೆ ತಿರುಗುವ ತಟ್ಟೆಯನ್ನು ಇಕ್ಕೆಲಗಳಿಂದ ಅದುಮಿ ಗಾಡಿಯನ್ನು ನಿಲ್ಲಿಸುವ ಏರ್ಪಾಡಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿ ಪೇಟೆಂಟು ಪಡೆದನು. ಆದರೆ ಅವನು ಬಳಸಿದ ತಾಮ್ರದ ಪ್ಯಾಡುಗಳು ಕರ್ಕಶವಾಗಿ ಕಿರುಗುಟ್ಟುತ್ತಿದ್ದವು. ಇದಲ್ಲದೆ, ಡ್ರಮ್ಮಿನ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಒಳಗಿನ ಪಟ್ಟಿಯನ್ನು ತನ್ನತ್ತ ಎಳೆದುಕೊಂಡು ಚಾಲಕನ ಕಾಲಿಗೆ ನೆರವಾಗುತ್ತದೆ. ತಟ್ಟೆಯ ಬ್ರೇಕಿಗೆ ಆ ನೆರವಿಲ್ಲದುದರಿಂದ ಹೆಚ್ಚಿನ ಒತ್ತಡ ಬೇಕು. ದ್ರವದ ಮೂಲಕ ಒತ್ತಡವನ್ನು ಸಾಗಿಸುವ ವಿಧಾನವೂ ಶಾಖವನ್ನು ತಾಳುವ ಪ್ಯಾಡುಗಳೂ ಒದಗುವವರೆಗೆ ಈ ಕಲ್ಪನೆ ಕಾದಿರಬೇಕಾಯಿತು. 1953ರ ಲ ಮಾನ್ ಪಂದ್ಯವನ್ನು ತಟ್ಟೆಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರಿನ ಮುಂಚಕ್ರಗಳಿಗೆ ಅವು ಬಂದವು.

ಈ ತಟ್ಟೆಯನ್ನು ಹಿಡಿಯುವ ಇಕ್ಕಳವೇ ಕ್ಯಾಲಿಪರು. ಪೆಡಲನ್ನು ತುಳಿದಾಗ ದ್ರವದ ಒತ್ತಡ ಅದರೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ದ್ರವವು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹಲವಕ್ಕೆ ಈ ಭೇದವೇ ಮೂಲ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕನ್ನೆಳೆದು, ಹಿಂಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಜಾಕಿನಿಂದ ಎತ್ತಿ, ಭಾರವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇಳಿಸಬೇಕು, ಜಾಕೊಂದನ್ನೇ ನಂಬಲಾಗದು. ಚಕ್ರವನ್ನು ತೆಗೆದ ಬಳಿಕ ಕ್ಯಾಲಿಪರಿನ ಹಿಂಬದಿಯ ಎರಡು ಬೋಲ್ಟುಗಳನ್ನು ಬಿಚ್ಚಿ ಅದನ್ನು ಹೊರಕ್ಕೆ ಸರಿಸಬೇಕು. ಅದನ್ನು ರಬ್ಬರಿನ ಹೋಸಿನಿಂದ ಜೋತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟತಕ್ಕದ್ದು; ಹೋಸಿಗೆ ಒಳಗೆ ಆದ ಹಾನಿ ಹೊರಗೆ ಕಾಣುವುದಿಲ್ಲ. ಆಗ ಯಾರೂ ಪೆಡಲನ್ನು ಮುಟ್ಟಬಾರದು, ಪಿಸ್ಟನ್ನು ಹೊರಬಿದ್ದೀತು. ಧೂಳನ್ನು ಬಾಯಿಂದ ಊದಬಾರದು. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಘಾತಕವಾದ ಆಸ್ಬೆಸ್ಟಾಸು ಇರುವ ಸಂಭವವುಂಟು.

ಹೊಸ ಪ್ಯಾಡು ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಮೆಲ್ಲನೆ ಒಳಕ್ಕೆ ಒತ್ತಬೇಕು. ದ್ರವವು ಮೇಲಿನ ಡಬ್ಬಿಗೆ ಮರಳುವುದರಿಂದ ಅದು ತುಂಬಿ ಚೆಲ್ಲದಂತೆ ನೋಡಿಕೊಳ್ಳಬೇಕು. ಚೆಲ್ಲಿದ ದ್ರವ ಬಣ್ಣವನ್ನು ಕೆಡಿಸುತ್ತದೆ. ಜಾರುಪಿನ್ನುಗಳಿಗೆ ತಕ್ಕ ಗ್ರೀಸನ್ನು ಸವರಬೇಕು. ತಟ್ಟೆಗೂ ಪ್ಯಾಡಿನ ಉಜ್ಜುವ ಮುಖಕ್ಕೂ ಅದರ ಸೋಂಕಾಗಬಾರದು. ಬೋಲ್ಟುಗಳನ್ನು ತಯಾರಕರು ವಿಧಿಸಿದ ಬಿಗಿಗೆ ಟಾರ್ಕ್ ರೆಂಚಿನಿಂದ ಕೂಡಿಸಬೇಕು.

ಹೋಸನ್ನೇ ಬಿಚ್ಚಿದ್ದಲ್ಲಿ ಒಳಹೊಕ್ಕ ಗಾಳಿಯನ್ನು ಹೊರಡಿಸದೆ ಬೇರೆ ಮಾರ್ಗವಿಲ್ಲ. ಎಡ ಬಲಗಳ ಕ್ಯಾಲಿಪರುಗಳು ನೋಡಲು ಒಂದೇ ತೆರನಾಗಿರುವುದುಂಟು. ಅದಲುಬದಲಾದರೆ ಗಾಳಿ ಬಿಡುವ ತಿರುಪು ಕೆಳಗಾಗಿ, ಗಾಳಿ ಮೇಲ್ಭಾಗದಲ್ಲಿಯೇ ಉಳಿಯುತ್ತದೆ. ಆ ತಿರುಪು ಮೇಲಿರುವುದೇ ಸರಿಯಾದ ಸ್ಥಾನದ ಸಾಕ್ಷ್ಯ.

ಎಲ್ಲವೂ ಸ್ವಸ್ಥಾನ ಸೇರಿದ ಮೇಲೆಯೇ ನಿಜವಾದ ಅಪಾಯವಿರುವುದು. ಹಿಂದಕ್ಕೊತ್ತಿದ ಪಿಸ್ಟನ್ನು ಪ್ಯಾಡಿನಿಂದ ದೂರವಿರುತ್ತದೆ. ಮೊದಲ ತುಳಿತಕ್ಕೆ ಪೆಡಲು ನೆಲಮುಟ್ಟಿದರೂ ಗಾಡಿ ನಿಲ್ಲದು. ಚೊಕ್ಕವಾಗಿ ಜೋಡಿಸಿದ ಕಾರು ಮನೆಯಂಗಳದಲ್ಲಿಯೇ ಆಟವಾಡುವ ಮಗುವಿನ ಮೇಲೆ ಹರಿಯಬಹುದು. ಆದಕಾರಣ ಎಂಜಿನನ್ನು ಚಾಲೂ ಮಾಡುವ ಮುನ್ನ ಪೆಡಲನ್ನು ಅದು ಗಟ್ಟಿಯಾಗಿ ನಿಲ್ಲುವವರೆಗೆ ಪದೇಪದೇ ತುಳಿಯಬೇಕು. ದ್ರವದ ಮಟ್ಟವನ್ನು ನೋಡಿ, ಜನರಿಲ್ಲದೆಡೆ ನಿಧಾನವಾಗಿ ಪರೀಕ್ಷಿಸಬೇಕು. ಲ್ಯಾಂಚೆಸ್ಟರನ ತಟ್ಟೆ ತಾನೊಂದೇ ಬ್ರೇಕಾಗಲಿಲ್ಲ. ಬಿಗಿದ ಬೋಲ್ಟೂ ತಾನೊಂದೇ ಬ್ರೇಕಾಗದು. ಪೆಡಲಿನ ದೃಢತೆ ಕಾಲಿಗೆ ತಿಳಿದಾಗಲೇ ಕೆಲಸ ಮುಗಿಯಿತೆನ್ನಬೇಕು.