ಪಾಠಪಟ್ಟಿಯ ಲೇಖನಗಳೂ ಅವುಗಳ ಸ್ಥಿರವಾದ ಕೊಂಡಿಗಳೂ

ಶಾಸನವನ್ನು ಉಲ್ಲೇಖಿಸುವ ವಿದ್ವಾಂಸರು ಕಲ್ಲು ನಿಂತಿರುವ ಹೊಲದ ಗುರುತನ್ನು ಹೇಳಿ ಸುಮ್ಮನಾಗುವುದಿಲ್ಲ. ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ರೈಸ್ ಅವರು ತಾಲ್ಲೂಕುವಾರಾಗಿ ಕೊಟ್ಟ ಸಂಖ್ಯೆಯನ್ನು ಹೇಳುತ್ತಾರೆ. ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೂ ಆ ಸಂಖ್ಯೆಯಿಂದ ಶಾಸನವು ಗುರುತಿಗೆ ಸಿಕ್ಕುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ೧೯೭೨ರಿಂದ ಹೊರಬರತೊಡಗಿ ಸಂಖ್ಯೆಗಳು ಬದಲಾದಾಗ ಹಳೆಯದನ್ನೂ ಹೊಸದನ್ನೂ ಕೂಡಿಯೇ ಹೇಳಬೇಕಾಗಿ ಬಂದುದು ಅದರ ಬೆಲೆಯನ್ನು ತೋರಿಸುತ್ತದೆ. ವಸ್ತುವಿನ ನೆಲೆ ಬೇರೆ, ಹೆಸರು ಬೇರೆ ಎಂಬ ಈ ವಿವೇಕವು ಗ್ರಂಥಾಲಯದ ವಿದ್ಯುನ್ಮಾನ ಲೇಖನಗಳ ವಿಷಯದಲ್ಲಿ ಮರೆತುಹೋದಂತಿದೆ. ಅಧ್ಯಾಪಕರು ಲೇಖನ ಭಂಡಾರವೊಂದರಲ್ಲಿ ಬೇಕಾದುದನ್ನು ತೆರೆದು, ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವ ವಿಳಾಸವನ್ನು ನಕಲು ಮಾಡಿ ಪಾಠಪಟ್ಟಿಗೆ ಸೇರಿಸುತ್ತಾರೆ. ಅದು ಅವರಿಗೆ ತೆರೆಯುತ್ತದೆ, ವಿದ್ಯಾರ್ಥಿಗೆ ತೆರೆಯುವುದಿಲ್ಲ.

ಇದಕ್ಕೆ ಕಾರಣಗಳು ಎರಡು. ಹುಡುಕುವವನು ಭಂಡಾರವನ್ನು ಹೊಕ್ಕೊಡನೆ ಅಲ್ಲಿನ ಯಂತ್ರವು ಆ ಒಂದು ಭೇಟಿಗೆ ತಾತ್ಕಾಲಿಕವಾದ ಗುರುತನ್ನು ಕೊಡುತ್ತದೆ. ಅನೇಕ ಭಂಡಾರಗಳಲ್ಲಿ ಈ ಗುರುತೂ, ಹುಡುಕಿದ ಪದಗಳೂ ವಿಳಾಸದಲ್ಲಿಯೇ ಬೆರೆತಿರುತ್ತವೆ. ಸ್ವಲ್ಪ ಹೊತ್ತು ಕೆಲಸ ನಡೆಯದಿದ್ದರೆ ಭೇಟಿಯು ಮುಗಿಯಿತೆಂದು ಎಣಿಸಲ್ಪಟ್ಟು ಗುರುತು ರದ್ದಾಗುತ್ತದೆ. ಆದಕಾರಣ ನಕಲಾದದ್ದು ಲೇಖನದ ವಿಳಾಸವಲ್ಲ, ಮುಗಿದುಹೋದ ಪ್ರಯಾಣದ ಟಿಕೇಟು. ಎರಡನೆಯದಾಗಿ, ಕಾಲೇಜಿನ ಆವರಣದ ಕಂಪ್ಯೂಟರುಗಳನ್ನು ಪ್ರಕಾಶಕರು ಅವುಗಳ ಐ.ಪಿ. ಸಂಖ್ಯೆಯಿಂದಲೇ ಗುರುತಿಸಿ, ಹೆಸರು ಕೇಳದೆ ಒಳಗೆ ಬಿಡುತ್ತಾರೆ. ಬಾಗಿಲೊಂದಿದೆಯೆಂಬುದೇ ಅಧ್ಯಾಪಕರಿಗೆ ಗೋಚರಿಸುವುದಿಲ್ಲ. ತನ್ನ ಊರಿನಲ್ಲಿ ಕುಳಿತು ಮೊಬೈಲಿನಲ್ಲಿ ಅದೇ ಕೊಂಡಿಯನ್ನು ಒತ್ತುವ ವಿದ್ಯಾರ್ಥಿಗೆ ಕಾಣುವುದು ಆ ಬಾಗಿಲು ಮಾತ್ರ, ಒಂದು ಲೇಖನಕ್ಕೆ ಇಷ್ಟು ಡಾಲರು ಎಂಬ ಸೂಚನೆಯೊಡನೆ. ಗ್ರಂಥಾಲಯವು ಅದಕ್ಕೆ ಮೊದಲೇ ಚಂದಾ ತೆತ್ತಿದೆಯೆಂದು ಅವನಿಗೆ ತಿಳಿಯುವ ಬಗೆ ಹೇಗೆ? ಓದದೆ ತರಗತಿಗೆ ಬಂದವನ ಮೇಲೆ ಹೊರಿಸುವ ಆಲಸ್ಯದ ಆಪಾದನೆಯಲ್ಲಿ ಒಂದು ಪಾಲಾದರೂ ಇಂಥ ಕೊಂಡಿಗೆ ಸಲ್ಲತಕ್ಕದ್ದು.

ಹೀಗಿರಲು ಪಾಠಪಟ್ಟಿಯ ಕೊಂಡಿಗೆ ಎರಡು ಅಂಗಗಳು ಅವಶ್ಯಕ: ಲೇಖನದ ಮಾರ್ಪಡದ ಹೆಸರು ಒಂದು, ಓದುಗನ ಹಕ್ಕನ್ನು ಪರೀಕ್ಷಿಸುವ ಬಾಗಿಲು ಇನ್ನೊಂದು. ಹೆಸರುಗಳಲ್ಲಿ ಪ್ರಶಸ್ತವಾದದ್ದು ಡಿ.ಒ.ಐ. ಎಂಬ ಸಂಖ್ಯೆ. ಇದರ ಆಡಳಿತಕ್ಕಾಗಿ ಅಂತರರಾಷ್ಟ್ರೀಯ ಡಿ.ಒ.ಐ. ಪ್ರತಿಷ್ಠಾನವು ೧೯೯೮ರಲ್ಲಿಯೂ, ವಿದ್ವತ್ಪತ್ರಿಕೆಗಳ ಪ್ರಕಾಶಕರು ಕೂಡಿ ಕಟ್ಟಿದ ಕ್ರಾಸ್‌ರೆಫ್ ಸಂಸ್ಥೆಯು ೨೦೦೦ದಲ್ಲಿಯೂ ಸ್ಥಾಪಿತವಾದವು. ೨೦೧೨ರಲ್ಲಿ ಈ ಪದ್ಧತಿಯು ಐ.ಎಸ್.ಒ. ೨೬೩೨೪ ಎಂಬ ಮಾನಕವಾಯಿತು. ಸಂಖ್ಯೆಯ ಪೂರ್ವಭಾಗವು ೧೦ ಎಂಬ ಅಂಕಿಯಿಂದ ಮೊದಲಾಗಿ ನೋಂದಾಯಿಸಿದವರನ್ನು ಸೂಚಿಸುತ್ತದೆ, ಓರೆಗೆರೆಯ ಆಚೆಯ ಭಾಗವು ಲೇಖನವನ್ನು ಸೂಚಿಸುತ್ತದೆ. ತಾಲ್ಲೂಕಿನ ಹೆಸರೂ ಶಾಸನದ ಕ್ರಮಾಂಕವೂ ಸೇರಿದಂತೆಯೇ. ಪತ್ರಿಕೆಯು ಬೇರೊಬ್ಬ ಪ್ರಕಾಶಕರ ಕೈಸೇರಿದರೂ ಸಂಖ್ಯೆ ಬದಲಾಗದು. ಹೊಸಬರು ನೋಂದಣಿಯಲ್ಲಿ ಲೇಖನದ ಹೊಸ ನೆಲೆಯನ್ನು ತಿದ್ದಿದರೆ ಸಾಕು. ತಿದ್ದದೆ ಬಿಟ್ಟರೆ ಆ ಸಂಖ್ಯೆಯೂ ನಿರರ್ಥಕವೇ. ಅದರ ಶಾಶ್ವತತೆಯೆಲ್ಲ ಪ್ರಕಾಶಕರು ಒಪ್ಪಿಕೊಂಡ ಕರಾರಿನ ಮೇಲೆ ನಿಂತಿದೆ. ಡಿ.ಒ.ಐ. ಇಲ್ಲದ ಲೇಖನಗಳೂ ಹೇರಳವಾಗಿವೆ. ಅಂಥವಕ್ಕೆ ಭಂಡಾರವೇ ಲೇಖನದ ಪುಟದಲ್ಲಿ ಕೊಡುವ ಸ್ಥಿರ ಕೊಂಡಿಯನ್ನು ಹಿಡಿಯಬೇಕು. ಜೆಸ್ಟೋರ್‌ನಲ್ಲಿ ಅದಕ್ಕೆ ‘ಸ್ಟೇಬಲ್ ಯು.ಆರ್.ಎಲ್.’ ಎಂದೂ, ಎಬ್ಸ್ಕೊ ಭಂಡಾರಗಳಲ್ಲಿ ‘ಪರ್ಮಾಲಿಂಕ್’ ಎಂದೂ ರೂಢಿಯ ಹೆಸರು.

ಬಾಗಿಲಿನ ಏರ್ಪಾಡು ಎಲ್ಲೆಡೆ ಒಂದೇ ಅಲ್ಲ. ೧೯೯೯ರಲ್ಲಿ ಹೊರಬಂದ ಈಜೀಪ್ರಾಕ್ಸಿ ಎಂಬ ತಂತ್ರಾಂಶವು ವಿದ್ಯಾರ್ಥಿಯ ಹೆಸರನ್ನೂ ಗುಪ್ತಪದವನ್ನೂ ಪರೀಕ್ಷಿಸಿ, ಅವನ ಪರವಾಗಿ ತಾನೇ ಪ್ರಕಾಶಕರಲ್ಲಿಗೆ ಹೋಗಿ ಪುಟವನ್ನು ತಂದುಕೊಡುತ್ತದೆ. ಪ್ರಕಾಶಕರಿಗೆ ಕಾಣುವುದು ಗ್ರಂಥಾಲಯದ ಐ.ಪಿ. ಸಂಖ್ಯೆ. ಇಲ್ಲಿ ಗ್ರಂಥಾಲಯವು ತಿಳಿಸುವ ಪ್ರಾಕ್ಸಿಯ ವಿಳಾಸವನ್ನು ಮೊದಲು ಬರೆದು, ನಡುವೆ ತೆರಪು ಬಿಡದೆ ಲೇಖನದ ಸ್ಥಿರ ಕೊಂಡಿಯನ್ನು ಅದಕ್ಕೆ ಸೇರಿಸತಕ್ಕದ್ದು. ಭಾರತದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಇನ್‌ಫೆಡ್’ ಒಕ್ಕೂಟದ ಮಾರ್ಗವಿದೆ: ಪ್ರಕಾಶಕರ ಪುಟವು ವಿದ್ಯಾರ್ಥಿಯನ್ನು ಅವನ ಸಂಸ್ಥೆಯ ಪ್ರವೇಶಪುಟಕ್ಕೆ ಕಳುಹಿಸಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಒಳಗೆ ಬಿಡುತ್ತದೆ. ಸಂಸ್ಥೆಯ ಗುರುತನ್ನು ಕೊಂಡಿಯೊಳಗೇ ಅಡಕಮಾಡಲು ಕೆಲವು ಪ್ರಕಾಶಕರು ಅವಕಾಶ ಕೊಡುವುದರಿಂದ ಉದ್ದನೆಯ ಪಟ್ಟಿಯಲ್ಲಿ ತನ್ನ ಸಂಸ್ಥೆಯನ್ನು ಹುಡುಕುವ ತೊಡಕು ತಪ್ಪುತ್ತದೆ. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿ ನಿಗದಿಯಾಗಿದೆ. ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ಅದರಲ್ಲಿ ಸೇರಿವೆ. ಇಷ್ಟು ಹಣ ತೆತ್ತ ಮೇಲೂ ಓದುಗನು ಬೆಲೆಯ ಸೂಚನೆಯನ್ನು ಕಂಡು ಹಿಂದಿರುಗುವುದಾದರೆ ಅದು ಶೋಚನೀಯ.

ಇನ್ನೊಂದು ತೊಡಕು ಅನುಭವಸ್ಥರನ್ನೂ ಏಮಾರಿಸುತ್ತದೆ. ಡಿ.ಒ.ಐ. ಸಾಮಾನ್ಯವಾಗಿ ಪ್ರಕಾಶಕರ ಪುಟಕ್ಕೆ ಒಯ್ಯುತ್ತದೆ. ಗ್ರಂಥಾಲಯವು ಆ ಪತ್ರಿಕೆಯನ್ನು ಪ್ರಕಾಶಕರಿಂದ ಕೊಳ್ಳದೆ, ಹಲವು ಪತ್ರಿಕೆಗಳನ್ನು ಕೂಡಿಸಿ ಮಾರುವ ಭಂಡಾರದ ಮೂಲಕ ಪಡೆದಿದ್ದರೆ ಹೆಸರು ಸರಿಯಾಗಿದ್ದೂ ಬಾಗಿಲು ತೆರೆಯದು. ಬೆಲ್ಜಿಯಮಿನ ಘೆಂಟ್ ವಿಶ್ವವಿದ್ಯಾನಿಲಯದಲ್ಲಿದ್ದ ಹರ್ಬರ್ಟ್ ವಾನ್ ಡೆ ಸೋಂಪೆಲ್ ಅವರು ೧೯೯೦ರ ದಶಕದ ಕೊನೆಯಲ್ಲಿ ರೂಪಿಸಿದ ‘ಓಪನ್ ಯು.ಆರ್.ಎಲ್.’ ಪದ್ಧತಿಯು ಇದಕ್ಕೆ ಪರಿಹಾರ: ಲೇಖನದ ವಿವರಗಳನ್ನು ಕೊಂಡಿಯಲ್ಲಿ ಅಡಕಮಾಡಿ ಕಳುಹಿಸಿದರೆ, ಆ ಗ್ರಂಥಾಲಯಕ್ಕೆ ಹಕ್ಕಿರುವ ಪ್ರತಿ ಎಲ್ಲಿದೆಯೆಂದು ಅದರದೇ ಯಂತ್ರವು ತೀರ್ಮಾನಿಸುತ್ತದೆ. ಈ ಅನುಕೂಲವಿಲ್ಲದೆಡೆ ಭಂಡಾರದ ಸ್ಥಿರ ಕೊಂಡಿಯೇ ಡಿ.ಒ.ಐ.ಗಿಂತ ಲೇಸು.

ಇಷ್ಟೆಲ್ಲ ತೊಂದರೆಯೇಕೆ, ಪಿ.ಡಿ.ಎಫ್. ಪ್ರತಿಯನ್ನೇ ಹಂಚಬಾರದೇ ಎಂದು ಕೆಲವರು ಆಕ್ಷೇಪಿಸಬಹುದು. ಬೋಧನೆಗಾಗಿ ಮಾಡುವ ನಕಲಿಗೆ ಭಾರತದ ಕಾನೂನು ಉದಾರವಾಗಿದೆಯೆಂಬುದು ನಿಜ. ದೆಹಲಿಯ ಉಚ್ಚ ನ್ಯಾಯಾಲಯವು ೨೦೧೬ರಲ್ಲಿ ಪಾಠಸಂಪುಟಗಳ ಜೆರಾಕ್ಸ್ ಪ್ರತಿಗಳ ವಿಷಯದಲ್ಲಿ ಹಾಗೆಯೇ ತೀರ್ಪಿತ್ತಿತು. ಆದರೆ ಭಂಡಾರದ ಚಂದಾ ಕರಾರಿನ ನಿಬಂಧನೆಗಳು ಬೇರೆಯಿರಬಹುದು. ಮೇಲಾಗಿ, ಕೈಯಿಂದ ಕೈಗೆ ಹೋದ ಪ್ರತಿಯು ಬಳಕೆಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಚಂದಾ ಮುಂದುವರಿಸುವಾಗ ಗ್ರಂಥಪಾಲಕರು ನೋಡುವುದು ಆ ಲೆಕ್ಕವನ್ನು. ಅರುವತ್ತು ಮಂದಿ ಓದಿದ ಪತ್ರಿಕೆಯು ಅಲ್ಲಿ ಒಬ್ಬನೇ ಓದಿದಂತೆ ಕಂಡು, ಕಡಿತದ ಪಟ್ಟಿಗೆ ಸೇರಬಹುದು.

ಕೊಂಡಿಯನ್ನು ರಚಿಸಿದವರು ಅದನ್ನು ಕಾಲೇಜಿನ ಹೊರಗಿನಿಂದ, ತಮ್ಮ ಪ್ರವೇಶದ ನೆನಪಿಲ್ಲದ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಬೇಕು. ಆವರಣದೊಳಗಿನ ಪರೀಕ್ಷೆ ಪರೀಕ್ಷೆಯೇ ಅಲ್ಲ. ಚಂದಾಗಳು ಬಹುಮಟ್ಟಿಗೆ ವರ್ಷಾವಧಿಯವಾದುದರಿಂದ ಡಿಸೆಂಬರಿನಲ್ಲಿ ತೆರೆದದ್ದು ಫೆಬ್ರವರಿಯಲ್ಲಿ ತೆರೆಯದಿರಬಹುದು. ಆದಕಾರಣ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಈ ಪರೀಕ್ಷೆ ಮರುಕಳಿಸಬೇಕು. ಕೊಂಡಿಯ ಪಕ್ಕದಲ್ಲಿ ಲೇಖಕರ ಹೆಸರು, ಶೀರ್ಷಿಕೆ, ಪತ್ರಿಕೆ, ಸಂಪುಟ, ವರ್ಷ, ಪುಟಗಳನ್ನು ಬರೆದಿದ್ದರೆ, ಕೊಂಡಿ ಕಡಿದ ದಿನವೂ ವಿದ್ಯಾರ್ಥಿಯು ಗ್ರಂಥಪಾಲಕರ ಮೇಜಿಗೆ ಹೋಗಿ ಆ ಲೇಖನವನ್ನು ಕೇಳಿ ಪಡೆಯಬಲ್ಲನು.