ಜಾಕ್ ಕೊಟ್ಟು ಕಾರಿನ ಕೆಳಗೆ ಮಲಗಬಹುದೇ? ಫಾರ್ವರ್ಡ್ ವಿಡಿಯೊಗಳು ಹೇಳದ ಸಂಗತಿ

ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಬ್ಬಾತ ಕಾರಿಗೆ ಜಾಕ್ ಕೊಟ್ಟು ಎತ್ತುತ್ತಾನೆ. ಪಕ್ಕದಲ್ಲಿ ಎರಡು ಸಿಮೆಂಟ್ ಇಟ್ಟಿಗೆ ಜೋಡಿಸುತ್ತಾನೆ. ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರುತ್ತಾನೆ. ಎಂಜಿನ್ ಆಯಿಲ್ ಬದಲಾಯಿಸಿ ನಗುತ್ತಾ ಹೊರಗೆ ಬರುತ್ತಾನೆ. ಕೆಳಗೆ ‘ಗ್ಯಾರೇಜಿನ ದುಡ್ಡು ಉಳಿಸಿ, ಎಲ್ಲರಿಗೂ ಶೇರ್ ಮಾಡಿ’ ಎಂದು ಬರೆದಿರುತ್ತದೆ.

ಅವನಿಗೆ ಏನೂ ಆಗಲಿಲ್ಲ, ನಿಜ. ಆದರೆ ಅದರಿಂದ ಆ ವಿಧಾನ ಸುರಕ್ಷಿತ ಎಂದು ಸಾಬೀತಾಗುವುದಿಲ್ಲ. ಆ ದಿನ ಇಟ್ಟಿಗೆ ಒಡೆಯಲಿಲ್ಲ, ಅಷ್ಟೇ.

ಬಿಳಿಚೋಡಿನಂಥ ಊರಿನಲ್ಲಿ ಈ ವಿಡಿಯೊಗಳಿಗೆ ಬೇಗ ಗಿರಾಕಿ ಸಿಗುತ್ತಾರೆ. ಜಗಳೂರು ತಾಲ್ಲೂಕಿನ ಈ ಹೋಬಳಿಯಲ್ಲಿ ಹಳೆಯ ಆಲ್ಟೊ, ಓಮ್ನಿ, ಬೊಲೆರೊ ಇಟ್ಟುಕೊಂಡವರು ಆಯಿಲ್, ಬ್ರೇಕ್ ಪ್ಯಾಡ್, ಸೈಲೆನ್ಸರ್ ಕ್ಲ್ಯಾಂಪಿನಂಥ ಕೆಲಸಕ್ಕೆಲ್ಲ ದಾವಣಗೆರೆಗೆ ಓಡುವುದಿಲ್ಲ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವ ಕೈಗಳಿಗೆ ಕಾರು ಯಾವ ಲೆಕ್ಕ? ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅಪಾಯ ಇರುವುದು ಕಾರನ್ನು ಎತ್ತಿ ನಿಲ್ಲಿಸುವ ಮೊದಲ ಹತ್ತು ನಿಮಿಷದಲ್ಲಿ.

ನಮ್ಮ ಮಾವನ ಮನೆಯಲ್ಲೇ ಒಮ್ಮೆ ಹೀಗಾಯಿತು. ಆಲ್ಟೊದ ಮುಂದಿನ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ನೋಡುತ್ತಿದ್ದರು. ‘ಮಾವ, ಕೆಳಗೆ ಏನಾದ್ರೂ ಇಡೋಣ’ ಎಂದೆ. ‘ಏನಾಗ್ತತಿ ಬಿಡಪ್ಪ, ಜಾಕು ಗಟ್ಟಿ ಐತಿ’ ಎಂದರು. ಸ್ಪ್ಯಾನರ್ ತರಲು ಎದ್ದು ಎರಡು ಹೆಜ್ಜೆ ಹಾಕಿದ್ದರೋ ಇಲ್ಲವೋ, ಕಾರು ಮೆಲ್ಲಗೆ ಹಿಂದಕ್ಕೆ ಸರಿದು, ಜಾಕ್ ಓರೆಯಾಗಿ, ಬ್ರೇಕ್ ಡಿಸ್ಕ್ ನೆಲಕ್ಕೆ ಕುಕ್ಕಿತು. ಜಾಕ್ ಮುರಿದಿರಲಿಲ್ಲ, ಬಾಗಿರಲೂ ಇಲ್ಲ. ಮಾವ ಹೇಳಿದಂತೆ ಅದು ಗಟ್ಟಿಯಾಗಿಯೇ ಇತ್ತು.

ಜಾಕ್ ಗಟ್ಟಿ ಇದ್ದರೂ ಕಾರು ಬೀಳುವುದೇಕೆ?

ಜಾಕ್ ಕೈಕೊಟ್ಟಿತು ಎಂದರೆ ತೂಕ ತಾಳದೆ ಮುರಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹೆಚ್ಚು ಭಯಪಡಬೇಕಾದದ್ದು ಮುರಿಯುವುದಕ್ಕಲ್ಲ, ಓರೆಯಾಗುವುದಕ್ಕೆ. ಕಾರಿನ ಜೊತೆ ಕಂಪನಿ ಕೊಡುವ ಸ್ಕ್ರೂ ಜಾಕನ್ನು ನೋಡಿ. ಅದರ ತಳ ಅಂಗೈಯಷ್ಟು, ತಲೆ ಎರಡು ಬೆರಳಿನಷ್ಟು. ನೇರವಾಗಿ ಮೇಲಿನಿಂದ ಬೀಳುವ ಭಾರವನ್ನು ಅದು ಚೆನ್ನಾಗಿ ತಡೆಯುತ್ತದೆ. ಪಕ್ಕದಿಂದ ನೂಕಿದರೆ ಅದಕ್ಕೆ ಬಲವಿಲ್ಲ. ಬಿದಿರುಗಳುವಿನ ಮೇಲೆ ತಟ್ಟೆ ನಿಲ್ಲಿಸಿದಂತೆ.

ಪಕ್ಕದಿಂದ ನೂಕುವವರು ಯಾರು? ಮೊದಲನೆಯದು ಇಳಿಜಾರು. ಮಳೆನೀರು ಚರಂಡಿಗೆ ಹರಿಯಲಿ ಎಂದು ನಮ್ಮ ಅಂಗಳಗಳನ್ನು ಸ್ವಲ್ಪ ವಾಲಿಸಿಯೇ ಮಾಡಿರುತ್ತೇವೆ. 20 ಅಡಿಗೆ ಒಂದು ಅಡಿ ಇಳಿಜಾರು ಕಣ್ಣಿಗೆ ಕಾಣುವುದೂ ಕಷ್ಟ. ಆದರೆ 900 ಕೆಜಿ ತೂಕದ ಕಾರನ್ನು ಅದು ಸುಮಾರು 45 ಕೆಜಿ ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ಎರಡನೆಯದು ನಾವೇ. ಬಿಗಿಯಾದ ನಟ್ ಬಿಚ್ಚಲು ಸ್ಪ್ಯಾನರ್ ಮೇಲೆ ಮೈಭಾರ ಬಿಟ್ಟು ಜಗ್ಗುತ್ತೇವಲ್ಲ, ಆ ಬಲ ಸೀದಾ ಕಾರಿಗೆ ಹೋಗುತ್ತದೆ. ಅದಕ್ಕೇ ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಳ್ಳಬೇಕು. ಇನ್ನೊಂದು ಕಾರಣ ಅನುಭವಸ್ಥರಿಗೂ ಹೊಳೆಯುವುದಿಲ್ಲ. ಕಾರು ಏಳುವಾಗ ಲಿಫ್ಟಿನಂತೆ ನೇರ ಏಳುವುದಿಲ್ಲ. ನೆಲದಲ್ಲೇ ಉಳಿದ ಚಕ್ರಗಳನ್ನು ಕೀಲಾಗಿಸಿಕೊಂಡು ಬಾಗಿಲಿನಂತೆ ತಿರುಗುತ್ತಾ ಏಳುತ್ತದೆ. ಹಾಗಾಗಿ ಜಾಕ್ ತಲೆ ತಾಗಿದ ಜಾಗ ಮೇಲೇರುತ್ತಾ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ. ತಳ ಮಾತ್ರ ಇದ್ದಲ್ಲೇ ಇರುತ್ತದೆ. ಎತ್ತರ ಹೆಚ್ಚಿದಷ್ಟೂ ಓರೆ ಹೆಚ್ಚು.

ಗೇರ್‌ನಲ್ಲಿ ನಿಲ್ಲಿಸಿದರೆ ಕದಲುವುದಿಲ್ಲವೇ?

ಮಾವ ಗೇರ್ ಹಾಕಿದ್ದರು, ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ. ‘ಗೇರ್‌ನಲ್ಲಿರೋ ಗಾಡಿ ಹೆಂಗ್ ಜಾರೈತಿ?’ ಎಂಬುದು ಅವರ ಪ್ರಶ್ನೆ. ಉತ್ತರ ಇರುವುದು ಡಿಫರೆನ್ಷಿಯಲ್ ಎಂಬ ಭಾಗದಲ್ಲಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕು. ಅದಕ್ಕಾಗಿ ಎಂಜಿನ್ ಓಡಿಸುವ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಈ ಭಾಗ ಬಿಡುತ್ತದೆ.

ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಅದರಲ್ಲೊಂದನ್ನು ಗಾಳಿಗೆ ಎತ್ತಿದಿರಿ ಎನ್ನಿ. ಗೇರ್ ಹಾಕಿದ್ದರಿಂದ ಎಂಜಿನ್ ತಿರುಗುವುದಿಲ್ಲ, ಸರಿ. ಆದರೆ ನೆಲದ ಮೇಲಿರುವ ಚಕ್ರ ಹಿಂದಕ್ಕೆ ಉರುಳಿದರೆ, ಗಾಳಿಯಲ್ಲಿರುವ ಚಕ್ರ ಅಷ್ಟೇ ಮುಂದಕ್ಕೆ ತಿರುಗಿ ಲೆಕ್ಕ ಸರಿಮಾಡುತ್ತದೆ. ತಡೆಯುವವರು ಯಾರೂ ಇಲ್ಲ. ಗೇರ್ ಇದ್ದೂ ಇಲ್ಲದಂತೆ. ಓಮ್ನಿ, ಬೊಲೆರೊಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವುದರಿಂದ, ಹಿಂದಿನ ಒಂದು ಚಕ್ರ ಎತ್ತಿದಾಗ ಇದೇ ಕಥೆ.

ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಹಿಡಿಯುತ್ತದೆ. ಹಿಂಭಾಗವನ್ನೇ ಪೂರ್ತಿ ಎತ್ತಿದರೆ ಅದೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಅದರ ಮೇಲೆ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಲಾರಿಯವರು ಏರಿನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಕ್ಲೀನರ್ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡುವುದನ್ನು ನೋಡಿದ್ದೀರಲ್ಲ, ಅದೇ ಪಾಠ. ಮರದ ತ್ರಿಕೋನದ ತುಂಡು ಸಿಕ್ಕರೆ ಕಲ್ಲಿಗಿಂತ ಚೆನ್ನ, ಟೈರಿಗೆ ಅಂಟಿ ಕೂರುತ್ತದೆ.

ಹೈಡ್ರಾಲಿಕ್ ಜಾಕ್ ಆದರೆ ಭಯವಿಲ್ಲವೇ?

ಅಂಗಡಿಯಲ್ಲಿ ಸಿಗುವ 3 ಟನ್ ಬಾಟಲ್ ಜಾಕ್, ಚಕ್ರವಿರುವ ಟ್ರಾಲಿ ಜಾಕ್ ಎತ್ತುವುದಕ್ಕೆ ತುಂಬ ಸಲೀಸು. ಸಣ್ಣ ಪಿಸ್ಟನ್ ಒತ್ತಿದ ಒತ್ತಡ ಎಣ್ಣೆಯ ಮೂಲಕ ದೊಡ್ಡ ಪಿಸ್ಟನ್ನಿಗೆ ಹೋಗಿ, ಬಲ ಹಲವು ಪಟ್ಟಾಗುತ್ತದೆ. ಪ್ಯಾಸ್ಕಲ್ ಹೇಳಿದ ಈ ತತ್ತ್ವದಲ್ಲೇ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ.

ಆದರೆ ಎತ್ತುವುದು ಬೇರೆ, ಹೊತ್ತು ನಿಲ್ಲುವುದು ಬೇರೆ. ಇದನ್ನು ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರಿನ ಹೈಡ್ರಾಲಿಕ್‌ನಲ್ಲಿ ನೇಗಿಲು ಎತ್ತಿ, ಎಂಜಿನ್ ಆಫ್ ಮಾಡಿ ಮಲಗಿದರೆ ಎಷ್ಟೋ ಸಲ ಬೆಳಿಗ್ಗೆ ಹೊತ್ತಿಗೆ ನೇಗಿಲು ನೆಲ ಮುಟ್ಟಿರುತ್ತದೆ. ಸವೆದ ಸೀಲ್‌ಗಳ ಸಂದಿಯಲ್ಲಿ ಎಣ್ಣೆ ಹನಿಹನಿಯಾಗಿ ಹಿಂದಕ್ಕೆ ಹೋಗಿರುತ್ತದೆ. ಜಾಕ್‌ನಲ್ಲೂ ಇರುವುದು ಅಂಥದೇ ಎಣ್ಣೆ, ಅಂಥದೇ ರಬ್ಬರ್ ಸೀಲ್. ಸೀಲ್ ಮೆಲ್ಲಗೆ ಸೋರಿದರೆ ಕಾರು ಇಂಚಿಂಚು ಇಳಿಯುತ್ತದೆ. ಹರಿದರೆ ಒಮ್ಮೆಲೇ ಕುಸಿಯುತ್ತದೆ. ‘3 ಟನ್’ ಎಂಬ ಅಕ್ಷರ ಹೇಳುವುದು ಅದು ಎಷ್ಟು ಎತ್ತಬಲ್ಲದು ಎಂದು, ಎಷ್ಟು ಹೊತ್ತು ಹಿಡಿದಿರುತ್ತದೆ ಎಂದಲ್ಲ. (ಇದೇ ಕಾರಣಕ್ಕೆ, ಎತ್ತಿದ ಟ್ರೇಲರ್ ಡಬ್ಬಿಯ ಕೆಳಗೆ ಬಗ್ಗಿ ಗ್ರೀಸ್ ಹಚ್ಚುವವರನ್ನು ಕಂಡರೆ ನನಗೆ ಎದೆ ಝಲ್ ಎನ್ನುತ್ತದೆ.)

ಹಾಗಾದರೆ ಭಾರ ಹೊರಬೇಕಾದದ್ದು ಏನು?

ಜಾಕ್ ಸ್ಟ್ಯಾಂಡ್. ಅಗಲವಾಗಿ ಕಾಲು ಚಾಚಿದ ಕಬ್ಬಿಣದ ಮೋಟು ಪೀಠ. ಮೇಲ್ಗಡೆ ಕಾರಿನ ಅಂಚು ಕೂರಲು ತಗ್ಗು, ಎತ್ತರ ಹೊಂದಿಸಲು ಹಲ್ಲು ಅಥವಾ ಪಿನ್ನು. ಎಣ್ಣೆಯಿಲ್ಲ, ಸೀಲ್ ಇಲ್ಲ, ಸೋರುವ ಮಾತಿಲ್ಲ. ಜೋಡಿಯಾಗಿ ಮಾರುತ್ತಾರೆ. ಬರೆದಿರುವ ತೂಕ ಒಂದು ಸ್ಟ್ಯಾಂಡಿನದೋ ಜೋಡಿಯದೋ ಎಂದು ಕೇಳಿಕೊಳ್ಳಿ. ಆಯಿಲ್ ಬದಲಾಯಿಸುವಷ್ಟು ಕೆಲಸಕ್ಕೆ ಮುಂದಿನ ಚಕ್ರ ಹತ್ತಿಸುವ ಕಬ್ಬಿಣದ ರ‍್ಯಾಂಪ್ ಕೂಡ ಒಳ್ಳೆಯದೇ. ಚಕ್ರ ಬಿಚ್ಚಬೇಕಾದ ಕೆಲಸಕ್ಕೆ ಅದು ಆಗುವುದಿಲ್ಲ.

‘ಸಿಮೆಂಟ್ ಇಟ್ಟಿಗೆ ಮನೆಯನ್ನೇ ಹೊರುತ್ತದೆ, ಕಾರು ಹೊರದೇ?’ ಎಂಬ ವಾದ ಕೇಳುತ್ತೇವೆ. ಗೋಡೆಯಲ್ಲಿ ಭಾರ ಇಟ್ಟಿಗೆಯ ಪೂರ್ತಿ ಮೈಗೆ ಗಾರೆಯ ಮೂಲಕ ಹಂಚಿಕೆಯಾಗುತ್ತದೆ. ಕಾರಿನ ಕೆಳಗಾದರೆ ಕಬ್ಬಿಣದ ಒಂದು ಏಣು ಇಟ್ಟಿಗೆಯ ಒಂದು ಬಿಂದುವನ್ನು ಚುಚ್ಚುತ್ತದೆ. ಕಬ್ಬಿಣ ಸೋಲುವ ಮುಂಚೆ ಬಾಗುತ್ತದೆ, ಕಿರುಗುಡುತ್ತದೆ. ಕಾಂಕ್ರೀಟ್ ಹಾಗಲ್ಲ, ಒಮ್ಮೆಲೇ ಸಿಡಿಯುತ್ತದೆ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಅಂತೂ ಅಡ್ಡ ಮಲಗಿಸಿ ಇಟ್ಟರೆ ಇನ್ನೂ ದುರ್ಬಲ. ಇನ್ನು ಸೈಜುಗಲ್ಲು? ಅದು ಒಡೆಯದೆ ಇರಬಹುದು. ಆದರೆ ಒರಟು ಕಲ್ಲು ನೆಲದ ಮೇಲೆ ಮೂರು ಮೂಲೆಯಲ್ಲಿ ಕೂರುತ್ತದೆ, ನಾಲ್ಕನೆಯದು ಅಲ್ಲಾಡುತ್ತದೆ. ಮೇಲೆ ಕಬ್ಬಿಣ ಜಾರುತ್ತದೆ.

ಸ್ಟೆಪ್ನಿಯನ್ನು ಅಡ್ಡ ಮಲಗಿಸಿ ಕಾರಿನ ಕೆಳಗೆ ತಳ್ಳಿದರೆ ಸಾಕು ಎನ್ನುವುದೂ ಅರ್ಧ ಸತ್ಯ. ಅಭ್ಯಾಸ ಒಳ್ಳೆಯದು, ಆದರೆ ಅದರ ಮಿತಿ ಗೊತ್ತಿರಲಿ. ಆಲ್ಟೊ ಟೈರಿನ ಮೇಲೆ 145 ಎಂದು ಬರೆದಿರುತ್ತದೆ. ಅದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅಂದರೆ ಮಲಗಿಸಿದ ಸ್ಟೆಪ್ನಿಯ ಎತ್ತರ ಹದಿನೈದು ಸೆಂಟಿಮೀಟರಿನಷ್ಟು. ಅಂಗಾತ ಮಲಗಿದ ದೊಡ್ಡವರ ಎದೆ ಅದಕ್ಕಿಂತ ಎತ್ತರ. ಕಾರು ಬಿದ್ದರೆ ಮೊದಲು ಸಿಗುವುದು ಎದೆ, ಆಮೇಲೆ ಸ್ಟೆಪ್ನಿ. ಒಂದರ ಮೇಲೊಂದು ಎರಡು ಚಕ್ರ ಇಟ್ಟರೆ ಸ್ವಲ್ಪ ಧೈರ್ಯ. ಆದರೂ ಇವು ಸ್ಟ್ಯಾಂಡಿನ ಬದಲಿಗಲ್ಲ, ಸ್ಟ್ಯಾಂಡಿನ ಜೊತೆಗೆ.

ಸ್ಟ್ಯಾಂಡ್ ಇದ್ದಮೇಲೂ ಜೊತೆಗೆ ಇನ್ನೊಂದು ಯಾಕೆ ಎಂದರೆ, 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ ಸುಮಾರು 17 ಲಕ್ಷ ಸ್ಟ್ಯಾಂಡುಗಳನ್ನು ವಾಪಸ್ ಕರೆಯಬೇಕಾಯಿತು. ಹಲ್ಲು ಹಿಡಿಯುವ ಭಾಗ ಜಾರಿ ಸ್ಟ್ಯಾಂಡ್ ಕುಸಿಯಬಹುದು ಎಂಬ ದೋಷ ಅದರಲ್ಲಿತ್ತು. ಹೊಸದು ತಂದಾಗ ಹಲ್ಲು ಪೂರ್ತಿ ಕೂತಿದೆಯೇ, ಬೆಸುಗೆ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಪಿನ್ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ, ಕಣ್ಣಿಗೆ ಕಾಣುವಂತೆ ಲಾಕ್ ಆಗುತ್ತದೆ.

ನೆಲ ಎಂಥದು?

ಜಗಳೂರು ಕಡೆ ಒಂದು ಊರಲ್ಲಿ ಎರೆ, ಪಕ್ಕದ ಊರಲ್ಲಿ ಮಸಾರಿ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಒಣಗಿ ಗಟ್ಟಿ ಕಂಡರೂ ಒಳಗೆ ಮೆತ್ತಗೆ. ಲೆಕ್ಕ ಹಾಕೋಣ. ಒಂದು ಮೂಲೆ ಎತ್ತುವಾಗ ಜಾಕ್ ಮೇಲೆ 300 ಕೆಜಿ ಬಿತ್ತು ಎಂದುಕೊಳ್ಳಿ. ಜಾಕ್‌ನ ತಳ 8 ಸೆಂಮೀ ಅಗಲ, 15 ಸೆಂಮೀ ಉದ್ದ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಎರಡೂವರೆ ಕೆಜಿ ಭಾರ. 60 ಕೆಜಿಯ ಮನುಷ್ಯ ಎರಡೂ ಪಾದ ಊರಿ ನಿಂತಾಗ ನೆಲಕ್ಕೆ ಬೀಳುವುದಕ್ಕಿಂತ ಇದು ಹತ್ತು ಪಟ್ಟಿಗೂ ಹೆಚ್ಚು. ಕೆಳಗೆ ಒಂದು ಅಡಿ ಉದ್ದ, ಒಂದು ಅಡಿ ಅಗಲದ ದಪ್ಪ ಹಲಗೆ ಕೊಟ್ಟರೆ ಇದೇ ಭಾರ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಲಗೆ ಎರಡು ಇಂಚು ದಪ್ಪ ಇರಲಿ, ಪ್ಲೈವುಡ್ ಚೂರು ಬೇಡ. ಕಾಂಕ್ರೀಟ್ ನೆಲ ಇದ್ದರೆ ಅದೇ ಉತ್ತಮ. ಬೇಸಿಗೆಯ ಮಧ್ಯಾಹ್ನ ಟಾರು ಕೂಡ ಮೆತ್ತಗಾಗುತ್ತದೆ. ಗುಂಡಿ ತೋಡಿ ಮೇಲೆ ಕಾರು ನಿಲ್ಲಿಸುವ ಉಪಾಯ ಕೆಲವರದು. ಗುಂಡಿಯ ದಂಡೆ ಕುಸಿಯಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತಿರುತ್ತದೆ.

ಎತ್ತುವ ಕೆಲಸ

ಜಾಕ್ ಎಲ್ಲಿ ಕೊಡಬೇಕು ಎಂಬುದು ಕಾರಿನ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಗುರುತು ಮಾಡಿರುತ್ತಾರೆ. ಬೇರೆಡೆ ಕೊಟ್ಟರೆ ತಗಡು ಬಾಗುತ್ತದೆ. ಆಯಿಲ್ ಚೇಂಬರಿಗೆ ಕೊಟ್ಟರಂತೂ ಕೆಲಸ ಕೆಟ್ಟಂತೆ. ಕಾರಿನೊಳಗೆ ಯಾರೂ ಕೂತಿರಬಾರದು, ಮಕ್ಕಳು ಸುತ್ತ ಆಡುತ್ತಿರಬಾರದು. ಸ್ವಲ್ಪ ಎತ್ತಿ, ನಿಲ್ಲಿಸಿ, ಜಾಕ್ ನೆಟ್ಟಗಿದೆಯೇ ಎಂದು ದೂರ ನಿಂತು ನೋಡಿ. ಓರೆ ಕಂಡರೆ ಇಳಿಸಿ ಮತ್ತೆ ಕೊಡಿ, ಹಾಗೇ ಸರಿಮಾಡಲು ಹೋಗಬೇಡಿ. ಬೇಕಾದಷ್ಟು ಎತ್ತಿದ ಮೇಲೆ, ಮೈಯನ್ನು ಹೊರಗೇ ಇಟ್ಟುಕೊಂಡು ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಡಿ. ಜಾಕ್ ಮೆಲ್ಲಗೆ ಇಳಿಸಿ, ಭಾರವೆಲ್ಲ ಸ್ಟ್ಯಾಂಡಿಗೆ ಬರಲಿ. ಜಾಕನ್ನು ತೆಗೆಯದೆ, ಸುಮ್ಮನೆ ತಾಗುವಂತೆ ಬಿಡಿ. ಬಿಚ್ಚಿದ ಚಕ್ರಗಳನ್ನು ಅಂಚಿನ ಕೆಳಗೆ ಮಲಗಿಸಿ.

ಇನ್ನೂ ಒಳಗೆ ಹೋಗಬೇಡಿ. ಪಕ್ಕದಲ್ಲಿ ನಿಂತು ಎರಡೂ ಕೈಯಿಂದ ಕಾರನ್ನು ಅಲ್ಲಾಡಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ.

ಒಬ್ಬರೇ ಇರುವಾಗ ಕಾರಿನ ಕೆಳಗೆ ಹೋಗಬಾರದು ಎನ್ನುವುದಕ್ಕೂ ಕಾರಣವಿದೆ. ಎದೆಯ ಮೇಲೆ ಕಾರು ಕೂತರೆ ಮೂಳೆ ಮುರಿಯದಿದ್ದರೂ ಪಕ್ಕೆಲುಬು ಹಿಗ್ಗಲಾಗುವುದಿಲ್ಲ, ಉಸಿರು ಒಳಗೆ ಹೋಗುವುದಿಲ್ಲ, ಕೂಗಲೂ ಆಗುವುದಿಲ್ಲ. ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರು. ಹಳ್ಳಿಯ ಅಂಗಳಕ್ಕೆ ಅಷ್ಟರಲ್ಲಿ ಆಂಬುಲೆನ್ಸ್ ಬರುವುದು ಕಷ್ಟ. ಉಳಿಸಬಲ್ಲವರು ಪಕ್ಕದಲ್ಲಿರುವವರೇ. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ಜಾಕ್‌ನಿಂದ, ಅಥವಾ ನಾಲ್ಕಾರು ಜನ ಸೇರಿ ಕಾರನ್ನು ತಕ್ಷಣ ಎತ್ತಬೇಕು. ಎತ್ತಿದ ಕೂಡಲೇ ಇನ್ನೊಬ್ಬರು ಕೆಳಗೆ ಮರದ ದಿಮ್ಮಿ ತುರುಕಬೇಕು, ಆಮೇಲೆ ಎಳೆಯಬೇಕು. ಎತ್ತದೆ ಕಾಲು ಹಿಡಿದು ಜಗ್ಗಬಾರದು. ಒಬ್ಬರು ಆಗಲೇ 108ಕ್ಕೆ ಫೋನ್ ಮಾಡಿರಬೇಕು. ಉಸಿರಿಲ್ಲದಿದ್ದರೆ, ಕಲಿತವರು ಎದೆ ಒತ್ತುವ ಪ್ರಥಮ ಚಿಕಿತ್ಸೆ ಶುರು ಮಾಡಬೇಕು.

ಕೆಲಸ ಮುಗಿದ ಮೇಲೆ ಇಳಿಸುವ ಮುನ್ನ ಕಾರಿನ ಕೆಳಗೆ ಸ್ಪ್ಯಾನರ್, ಆಯಿಲ್ ಟ್ರೇ, ಬೆಕ್ಕು ಯಾವುದೂ ಇಲ್ಲ ಎಂದು ಬಗ್ಗಿ ನೋಡಿ. ಚಕ್ರದ ನಟ್‌ಗಳನ್ನು ಮೇಲಿರುವಾಗ ಕೈಯಿಂದ ಕೂರಿಸಿ, ನೆಲಕ್ಕೆ ಇಳಿಸಿದ ಮೇಲೆ ಒಂದು ಬಿಟ್ಟು ಎದುರಿನದು ಎಂಬಂತೆ ಬಿಗಿ ಮಾಡಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ, ಅಂದರೆ ದಾವಣಗೆರೆಗೆ ಒಮ್ಮೆ ಹೋಗಿ ಬಂದ ಮೇಲೆ, ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.