ಸೂರ್ಯನ ಬಿರುಗಾಳಿಗೆ ಹೊಸಕೋಟೆಯ ಕಾವಲು

ಮಳೆ ಬರುವುದೋ ಇಲ್ಲವೋ ಎಂದು ತಲೆಯೆತ್ತಿ ನೋಡುವುದು ನಮ್ಮ ಬಯಲುಸೀಮೆಯ ಜನಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ. ಆದರೆ ಮೋಡಗಳಿಗಿಂತ ಬಹು ಎತ್ತರದಲ್ಲಿ, ಸೂರ್ಯನಿಗೂ ನಮಗೂ ನಡುವಿನ ಹದಿನೈದು ಕೋಟಿ ಕಿಲೋಮೀಟರಿನ ಬಯಲಿನಲ್ಲಿ, ಇನ್ನೊಂದು ಬಗೆಯ ಹವೆಯುಂಟು. ಅದರ ಮುನ್ಸೂಚನೆ ಹೇಗೆ, ಅದೇಕೆ ಅಷ್ಟು ಕಠಿನ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬಯಸುತ್ತೇನೆ.

ಕಣ್ಣಿಗೆ ಶಾಂತವಾಗಿ ತೋರುವ ಸೂರ್ಯ ವಾಸ್ತವದಲ್ಲಿ ಕುದಿಯುವ ಅನಿಲರಾಶಿ. ಕಾವಿನಿಂದ ವಿದ್ಯುತ್ಕಣಗಳಾಗಿ ಒಡೆದ ಈ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಅದರೊಳಗಿನ ಕಾಂತಬಲರೇಖೆಗಳು ಹೆಣೆದುಕೊಂಡು, ತಿರುಚಿಕೊಂಡು ಬಿಗಿಯುತ್ತವೆ. ಬಿಗಿ ಮಿತಿಮೀರಿದಾಗ ಹರಿದು ಬೇರೊಂದು ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ಹೊಮ್ಮುವ ಬೆಳಕು ಮತ್ತು ಎಕ್ಸ್-ಕಿರಣಗಳ ಸ್ಫೋಟವೇ ಸೌರಜ್ವಾಲೆ. ಎಷ್ಟೋ ವೇಳೆ ಅದರೊಡನೆ ನೂರಾರು ಕೋಟಿ ಟನ್ ಪ್ಲಾಸ್ಮಾ, ತನ್ನ ಕಾಂತಕ್ಷೇತ್ರವನ್ನು ಹೊತ್ತುಕೊಂಡೇ, ಮೇಘದಂತೆ ಆಕಾಶಕ್ಕೆ ಚಿಮ್ಮುತ್ತದೆ. ಜ್ವಾಲೆಯ ಬೆಳಕು ಸುಮಾರು ಎಂಟು ನಿಮಿಷಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಅದು ಹೊರಟ ಸುದ್ದಿ ನಮಗೆ ತಿಳಿಯುವುದು ಅದು ಬಂದಾಗಲೇ. ಮೇಘಕ್ಕಾದರೋ ಒಂದರಿಂದ ಮೂರು ನಾಲ್ಕು ದಿನ ಬೇಕು. ಎಚ್ಚರಿಕೆ ಕೊಡುವವರಿಗೆ ದೊರೆಯುವ ಅವಕಾಶ ಅಷ್ಟೇ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ ಇಂಥ ಜ್ವಾಲೆಯೊಂದನ್ನು ಕಂಡ. ಒಂದು ದಿನವೂ ಕಳೆಯುವ ಮುನ್ನ ಭೂಮಿಯ ಕಾಂತಕ್ಷೇತ್ರ ತತ್ತರಿಸಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕವೂ ಆ ತಲ್ಲಣವನ್ನು ದಾಖಲಿಸಿತು. ಅಂದು ಕೆಟ್ಟದ್ದು ತಂತಿ ಸಂದೇಶ ಮಾತ್ರ. ಆದರೆ 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕತ್ತಲೆಯಲ್ಲಿ ಕುಳಿತರು. ಇಂದು ದೇವನಹಳ್ಳಿಯಿಂದ ಮೇಲೇರಿ ಕಡಲು ದಾಟುವ ವಿಮಾನವೂ ರೇಡಿಯೋ ಅಲೆಗಳನ್ನೂ ಉಪಗ್ರಹಗಳನ್ನೂ ನಂಬಿಕೊಂಡಿದೆ. ನಮ್ಮ ಅನುಕೂಲಗಳು ಬೆಳೆದಷ್ಟೂ ಸೂರ್ಯನ ಮುಂದೆ ನಮ್ಮ ಮೈ ತೆರೆದುಕೊಂಡಿದೆ.

ಈ ಕಾವಲಿನ ಕೆಲಸದಲ್ಲಿ ನಮ್ಮ ಸೀಮೆಯ ಪಾಲು ಸಣ್ಣದಲ್ಲ. ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯ 1899ರಲ್ಲಿ ಆರಂಭವಾಯಿತು. ಅದೇ ಸಂಸ್ಥೆಯ ರೇಡಿಯೋ ಆಂಟೆನಾಗಳ ಸಾಲುಗಳು ದೊಡ್ಡಬಳ್ಳಾಪುರವನ್ನು ದಾಟಿ ಹೋದರೆ ಸಿಗುವ ಗೌರಿಬಿದನೂರಿನ ಬಳಿ ಹರಡಿಕೊಂಡಿವೆ. ಮೇಘವು ಮುನ್ನುಗ್ಗುವಾಗ ಏಳುವ ಆಘಾತ ತರಂಗದ ರೇಡಿಯೋ ಸದ್ದನ್ನು ಅವು ಆಲಿಸುತ್ತವೆ. ಹೊಸಕೋಟೆಯ ಆವರಣದಲ್ಲಿಯಾದರೋ, ಸೂರ್ಯನ ಉಜ್ಜ್ವಲ ಬಿಂಬವನ್ನು ಮರೆಮಾಡಿ ಸುತ್ತಲಿನ ಮಂದವಾದ ಪ್ರಭಾವಲಯವನ್ನು, ಅಂದರೆ ಕರೋನಾವನ್ನು, ನೋಡುವ ‘ವೆಲ್ಕ್’ ಎಂಬ ಉಪಕರಣವನ್ನು ಜೋಡಿಸಲಾಯಿತು. ಗ್ರಹಣ ಕ್ಷಣಕಾಲ ತೋರಿಸುವುದನ್ನು ಸದಾ ನೋಡುವ ಉಪಾಯವಿದು. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಅದನ್ನು ಹೊತ್ತು ಹಾರಿತು. 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ನೆಲೆಯನ್ನು ಸೇರಿತು. ಅಲ್ಲಿ ಇರುಳೆಂಬುದಿಲ್ಲ. ಅದೇ ವರ್ಷದ ಜುಲೈ 16ರಂದು ಚಿಮ್ಮಿದ ಮೇಘವೊಂದು ಹೊರಟ ವೇಳೆಯನ್ನು ಲೆಕ್ಕಹಾಕಲು ವೆಲ್ಕ್ ನೆರವಾಯಿತು.

ಮೇಘ ಹೊರಟದ್ದು ತಿಳಿಯಿತು, ವೇಗವನ್ನೂ ಅಳೆದೆವು. ಇನ್ನು ಉಳಿದದ್ದೇನು? ಕಷ್ಟವಿರುವುದು ಇಲ್ಲಿಯೇ. ಕೆರೆಯ ತೂಬನ್ನು ನೆನೆಯಿರಿ. ಕೆರೆ ತುಂಬಿದ್ದರೂ ತೂಬು ಮುಚ್ಚಿದ್ದರೆ ಗದ್ದೆಗೆ ನೀರು ಹರಿಯದು. ಸೂರ್ಯನ ಕಡೆಗಿನ ಅಂಚಿನಲ್ಲಿ ಭೂಮಿಯ ಕಾಂತಕ್ಷೇತ್ರ ಉತ್ತರಾಭಿಮುಖವಾಗಿದೆ. ಬರುವ ಮೇಘದ ಕ್ಷೇತ್ರವೂ ಉತ್ತರಾಭಿಮುಖವಾದರೆ ಮೇಘ ಬಹುಮಟ್ಟಿಗೆ ನಮ್ಮನ್ನು ಸವರಿಕೊಂಡು ಸಾಗುತ್ತದೆ. ದಕ್ಷಿಣಾಭಿಮುಖವಾದರೆ ಎರಡೂ ಬೆಸೆದುಕೊಳ್ಳುತ್ತವೆ, ತೂಬು ತೆರೆಯುತ್ತದೆ, ಶಕ್ತಿ ಒಳನುಗ್ಗುತ್ತದೆ. ಈ ದಿಕ್ಕನ್ನು ದೂರದ ಚಿತ್ರಗಳಿಂದ ಖಚಿತವಾಗಿ ಓದಲಾಗದು. ಮೇಘವೇ ಬಂದು ನೌಕೆಯ ಕಾಂತಮಾಪಕವನ್ನು ತಟ್ಟಬೇಕು. ಅಲ್ಲಿಂದ ಅದು ಭೂಮಿಗೆ ಬರಲು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹೊರಟಿದೆ ಎನ್ನಲು ದಿನಗಳ ಕಾಲಾವಕಾಶ; ಹೊಡೆಯುವುದೇ ಎನ್ನಲು ಕೆಲವೇ ನಿಮಿಷಗಳು.

2024ರ ಮೇ 10ರ ರಾತ್ರಿ ತೂಬು ಪೂರ್ತಿ ತೆರೆಯಿತು. ಎರಡು ದಶಕಗಳಲ್ಲಿ ಅಂಥ ಬಿರುಗಾಳಿ ಬೀಸಿರಲಿಲ್ಲ. ಲಡಾಖಿನ ಹಾನ್ಲೆಯ ಆಕಾಶದಲ್ಲಿ ಧ್ರುವಪ್ರಭೆಯ ಕೆಂಪು ಹರಡಿತು. ಅಲ್ಲಿನ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಆ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವ ಕೈಗಳು ಇರುವುದೂ ನಮ್ಮ ಹೊಸಕೋಟೆಯಲ್ಲಿಯೇ.

ಆ ಕೆಂಪನ್ನು ಕಂಡು ಬೆರಗಾಗುವುದು ಸಹಜ, ಆಗಲೂಬೇಕು. ಆದರೆ ವಿದ್ಯುತ್ ಜಾಲವನ್ನು ಹತೋಟಿಯಲ್ಲಿಡುವುದು, ಉಪಗ್ರಹವನ್ನು ಸುರಕ್ಷಿತ ಸ್ಥಿತಿಗೆ ತರುವುದು, ವಿಮಾನದ ದಾರಿ ಬದಲಿಸುವುದು, ಇವೆಲ್ಲ ಆ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸಗಳಲ್ಲ. ಅರ್ಧ ಗಂಟೆಯನ್ನು ಅರ್ಧ ದಿನವಾಗಿಸುವುದು ಹೇಗೆ? ಸೂರ್ಯನನ್ನು ಅರಿಯುವ ನಮ್ಮ ವಿಜ್ಞಾನದ ಮುಂದಿರುವ ದೊಡ್ಡ ಪ್ರಶ್ನೆ ಇದೇ ಎಂದು ನಾನು ತಿಳಿದಿದ್ದೇನೆ.